ಬಾಸ್–ಎಂಪ್ಲಾಯಿ ಲವ್‌ಸ್ಟೋರಿ: ಮೊದಲರ್ಧದಲ್ಲಿ ಹೀರೊ ಬೆನ್ನು ಬಿದ್ದವನ ಥರ ಕಾಣ್ತಾನೆ, ಎಲ್ಲಿ ತಿದ್ದಬೇಕು?

ಮೊದಲ_ಡ್ರಾಫ್ಟ್:

2 ಗಂಟೆ 10 ನಿಮಿಷದ ರೊಮ್ಯಾಂಟಿಕ್ ಕಾಮಿಡಿಗೆ ಚಿತ್ರಕಥೆ. ಕಥೆ ನಡೆಯೋದು ಔಟರ್ ರಿಂಗ್ ರೋಡ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ನಂದೀಶ, 37, ಡೆಲಿವರಿ ಮ್ಯಾನೇಜರ್, ಮೈಸೂರು ಕಡೆಯವನು. ಚಿತ್ರಾ, 29, ಧಾರವಾಡದವಳು, ಟೆಸ್ಟ್ ಇಂಜಿನಿಯರ್, ನೇರ ಅವನ ಕೈಕೆಳಗೆ. ಇಬ್ಬರೂ ಒಳ್ಳೆಯವರು, ಕೊನೆಗೆ ಒಂದಾಗ್ತಾರೆ. ಆದ್ರೆ ಡ್ರಾಫ್ಟ್ ಓದಿದವರೆಲ್ಲ ಹೇಳೋದು ಒಂದೇ ಮಾತು: ನಂದೀಶ ಪ್ರೀತಿಸ್ತಿರೋ ಹಾಗೆ ಕಾಣಲ್ಲ, ಬೆನ್ನು ಬಿದ್ದಿರೋ ಹಾಗೆ ಕಾಣ್ತಾನೆ.

ದೂರು ಬಂದಿರೋ ಸೀನ್‌ಗಳು ಇವು.

ಸೀನ್ 8: ರಾತ್ರಿ ಸಾಫ್ಟ್‌ವೇರ್ ರಿಲೀಸ್ ಇದೆ ಅಂತ ಅವಳೊಬ್ಬಳನ್ನೇ ಆಫೀಸಲ್ಲಿ ಉಳಿಸ್ಕೊಳ್ತಾನೆ.
ಸೀನ್ 14: ಅಪ್ರೈಸಲ್ ಮೀಟಿಂಗಲ್ಲಿ ಒಳ್ಳೆ ರೇಟಿಂಗ್ ಕೊಟ್ಟು, ಅದೇ ಉಸಿರಲ್ಲಿ ಕಾಫಿಗೆ ಕರೀತಾನೆ.
ಸೀನ್ 19: ಬೇರೆ ಟೀಮ್‌ಗೆ ಹೋಗ್ತೀನಿ ಅಂತ ಅವಳು ಕೊಟ್ಟ ಅರ್ಜಿಯನ್ನ ತಡೆದಿಡ್ತಾನೆ, ಕಣ್ಣೆದುರಿಂದ ದೂರ ಆಗಬಾರದು ಅಂತ.
ಇಂಟರ್ವಲ್: ಕಂಪನಿ ವಾರ್ಷಿಕೋತ್ಸವದ ಸ್ಟೇಜ್ ಮೇಲೆ, ಎಲ್ಲರೆದುರು ಪ್ರಪೋಸ್.

ಸೆಕೆಂಡ್ ಹಾಫಲ್ಲಿ ಎಚ್‌ಆರ್ ಮ್ಯಾನೇಜರ್ ಒಬ್ಬ ಇಬ್ಬರನ್ನೂ ಕೂರಿಸ್ಕೊಂಡು ವಿಚಾರಣೆ ಮಾಡೋ ಕಾಮಿಡಿ ಟ್ರ್ಯಾಕ್ ಇದೆ. ಅದು ನಿಲ್ಲುತ್ತಾ? ಮಾತುಗಳು ಇಂಗ್ಲಿಷ್‌ನಿಂದ ಇಳಿಸಿದ ಹಾಗಿವೆ ಅನ್ನೋ ದೂರೂ ಇದೆ. ಬಜೆಟ್ ಚಿಕ್ಕದು, ಆಫೀಸ್ ಸೆಟ್ ಹಾಕೋಕೆ ಆಗಲ್ಲ. ನಿಜವಾದ ಆಫೀಸಲ್ಲೇ ಶೂಟ್ ಮಾಡಬೇಕು.

ಒನ್‌ಲೈನ್_ಗಾಂಧಿನಗರ:

ನಾಲ್ಕು ಸೀನ್‌ನಲ್ಲೂ ಇರೋದು ಒಂದೇ ತಪ್ಪು. ಚಿತ್ರಾ "ಬೇಡ" ಅಂದ್ರೆ ಏನನ್ನಾದರೂ ಕಳ್ಕೊಳ್ತಾಳೆ: ರೇಟಿಂಗ್, ಟ್ರಾನ್ಸ್‌ಫರ್, ಮರ್ಯಾದೆ, ಕೊನೆಗೆ ಕೆಲಸ. ಬೇಡ ಅನ್ನೋಕೆ ದಾರಿ ಇಲ್ಲದ ಕಡೆ ಹೂಂ ಅಂದ್ರೆ ಆ ಹೂಂಗೆ ತೂಕ ಇಲ್ಲ. ಥಿಯೇಟರಲ್ಲಿ ಕೂತವರು ಇದನ್ನ ಬಾಯಲ್ಲಿ ಹೇಳದಿದ್ದರೂ ನಗೋದು ನಿಲ್ಲಿಸ್ತಾರೆ. ಬಾಸ್–ಎಂಪ್ಲಾಯಿ ಕಥೆ ಬರೆಯೋವಾಗ ಪ್ರತಿ ಸೀನ್ ಪಕ್ಕದಲ್ಲೂ ಒಂದು ಗೆರೆ ಬರ್ಕೊಳ್ಳಿ: ಈ ಗಳಿಗೆಯಲ್ಲಿ ಇವಳು ಬೇಡ ಅಂದ್ರೆ ಇವಳಿಗೆ ಏನಾಗುತ್ತೆ? ಉತ್ತರ "ಏನೂ ಆಗಲ್ಲ" ಅಂತ ಬರೋ ಸೀನ್‌ನಲ್ಲಿ ಮಾತ್ರ ಪ್ರೀತಿಯ ಮಾತು ಇಡಿ. ಉಳಿದ ಸೀನ್‌ಗಳಲ್ಲಿ ಕೆಲಸ ಇರಲಿ, ಜಗಳ ಇರಲಿ, ತಮಾಷೆ ಇರಲಿ.

ಎರಡನೇದು, ಏಟು ಬೀಳಬೇಕಾದ್ದು ಮೇಲೆ ಕೂತವರಿಗೆ. 2009ರ "ದಿ ಪ್ರಪೋಸಲ್" ನೋಡಿ. ಅಲ್ಲಿ ಬಾಸ್ ಹೆಂಗಸು, ಕೆನಡಾದವಳು. ವೀಸಾ ಕೈಬಿಟ್ಟಿದೆ ಅಂತ ಅಸಿಸ್ಟೆಂಟನ್ನ ಮದುವೆ ಆಗು ಅಂತ ಗದರಿಸ್ತಾಳೆ. ಬರೀ ಇಷ್ಟನ್ನೇ ನೋಡಿದ್ರೆ ನಿಮ್ಮ ಸೀನ್ 19ಕ್ಕಿಂತ ಕೆಟ್ಟದ್ದು. ಆದ್ರೆ ಚಿತ್ರಕಥೆ ತಕ್ಷಣ ತಕ್ಕಡಿ ತಿರುಗಿಸುತ್ತೆ. ವಲಸೆ ಇಲಾಖೆಯಿಂದ ಹೊರಗೆ ಬಂದ ಕೂಡಲೇ ಅವನು ಷರತ್ತು ಹಾಕ್ತಾನೆ, ನಡುಬೀದಿಯಲ್ಲಿ ಅವಳನ್ನ ಮಂಡಿಯೂರಿಸಿ ಕೇಳಿಸ್ತಾನೆ. ಆಮೇಲೆ ಅವಳನ್ನ ಆಫೀಸಿಂದ ಬಿಡಿಸಿ ಅವನ ಊರಿಗೆ, ಅವನ ಮನೆಯವರ ನಡುವೆ ಹಾಕ್ತಾರೆ. ಅಲ್ಲಿ ಅವಳ ಹುದ್ದೆಗೆ ಬೆಲೆನೇ ಇಲ್ಲ. ಬಾಸ್ ಪಾತ್ರದ ಅಧಿಕಾರವನ್ನ ಮೊದಲ ಅರ್ಧ ಗಂಟೆ ಒಳಗೆ ಕಿತ್ಕೋಬೇಕು ಅನ್ನೋ ಪಾಠ ಅದರಲ್ಲಿ ಚೆನ್ನಾಗಿದೆ.

1960ರ "ದಿ ಅಪಾರ್ಟ್‌ಮೆಂಟ್" ಇದಕ್ಕಿಂತ ಆಳ. ಆಫೀಸಿನ ದೊಡ್ಡವರಿಗೆಲ್ಲ ತನ್ನ ಮನೆ ಬೀಗದಕೈ ಕೊಟ್ಟು ಪ್ರಮೋಷನ್ ಪಡೆಯೋ ಗುಮಾಸ್ತ ನಾಯಕ. ಅವನು ಇಷ್ಟಪಡೋ ಲಿಫ್ಟ್ ಹುಡುಗಿ ಬಾಸ್‌ನ ಬಲೆಯಲ್ಲಿದ್ದಾಳೆ. ಅದು ಅವನಿಗೆ ತಿಳಿಯೋದು ಒಂದು ಒಡೆದ ಕನ್ನಡಿಯಿಂದ: ಮನೆಯಲ್ಲಿ ಸಿಕ್ಕ ಒಡೆದ ಪೌಡರ್ ಡಬ್ಬಿ ಕನ್ನಡಿಯನ್ನ ಅವನೇ ಬಾಸ್‌ಗೆ ವಾಪಸ್ ಕೊಟ್ಟಿರ್ತಾನೆ, ಆಮೇಲೆ ಅದೇ ಕನ್ನಡಿ ಅವಳ ಕೈಯಲ್ಲಿ. ಒಂದು ಮಾತಿಲ್ಲ. ಕೊನೆಗೆ ಬಾಸ್ ಮತ್ತೆ ಮನೆ ಕೀ ಕೇಳಿದಾಗ ಇವನು ಮೇಜಿನ ಮೇಲಿಡೋದು ದೊಡ್ಡ ಅಧಿಕಾರಿಗಳ ವಾಶ್‌ರೂಮಿನ ಕೀ. ಅಂದ್ರೆ ಕೆಲಸ ಬಿಟ್ಟೆ ಅಂತ. ಅಧಿಕಾರ ಬಿಡೋದನ್ನ ಮಾತಲ್ಲಿ ಹೇಳಿಸ್ಬೇಡಿ, ಹೀಗೆ ಒಂದು ವಸ್ತುವಿನ ಕೈಗೆ ಕೊಡಿ.

ಈಗ ನಿಮ್ಮ ಸೀನ್‌ಗಳು.

8ನೇ ಸೀನ್ ಉಳಿಸ್ಕೊಳ್ಳಿ, ಒಳಗಿರೋದನ್ನ ತಿರುಗಿಸಿ. ನಿಮ್ಮ ಕೈಲಿ ಚಿನ್ನ ಇದೆ, ನೀವೇ ನೋಡಿಲ್ಲ: ಅವಳು ಟೆಸ್ಟರ್. ಟೆಸ್ಟಿಂಗ್‌ನವರು ಸೈನ್-ಆಫ್, ಅಂದ್ರೆ ಸರಿ ಇದೆ ಅನ್ನೋ ಒಪ್ಪಿಗೆ, ಕೊಡದೆ ಬಿಲ್ಡ್ (ಬಿಡುಗಡೆಗೆ ಕಟ್ಟಿದ ಸಾಫ್ಟ್‌ವೇರ್) ಹೊರಗೆ ಹೋಗಲ್ಲ. ಇಡೀ ಟೀಮ್ ಕೂತಿರಲಿ, ಗಂಟೆ 11:40, ಪಿಜ್ಜಾ ಡಬ್ಬಗಳು ಖಾಲಿ. ನಂದೀಶ ಮ್ಯಾನೇಜರ್ ಆದ ಮೇಲೆ ಹುಮ್ಮಸ್ಸಲ್ಲಿ ತಾನೇ ಬರೆದು ಸೇರಿಸಿದ ನಾಲ್ಕು ಸಾಲು ಕೋಡ್‌ನಲ್ಲೇ ಬಗ್. ಅವಳು ಸೈನ್-ಆಫ್ ಕೊಡಲ್ಲ. ಕ್ಲೈಂಟ್ ಕಾಲ್‌ನಲ್ಲಿದ್ದಾನೆ. ಅವನು ಮೊದಲು ಮ್ಯಾನೇಜರ್ ಥರ ಮಾತಾಡ್ತಾನೆ, ಆಮೇಲೆ ಚೌಕಾಸಿ, ಆಮೇಲೆ ಬೇಡ್ಕೊಳ್ತಾನೆ. ಅವಳು ಬರೀ ಬಗ್ ನಂಬರ್ ಓದ್ತಾಳೆ. ಅವನು ಕೂತು ತಿದ್ದುತಾನೆ, ಅವಳು ಮತ್ತೆ ಓಡಿಸಿ ನೋಡ್ತಾಳೆ. ಇಲ್ಲಿ ಬೇಡ ಅನ್ನೋ ಹಕ್ಕು ಅವಳದ್ದು, ಕಾಯೋ ಸರದಿ ಅವನದ್ದು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗೌರವ ಹುಟ್ಟೋ ಸೀನ್ ಇದೇ ಆಗಬೇಕು.

14: ಅಪ್ರೈಸಲ್ ರೂಮಿಂದ ಕಾಫಿಯನ್ನ ತೆಗೆದುಹಾಕಿ. ರೇಟಿಂಗ್ ಅವಳು ನಿರೀಕ್ಷಿಸಿದ್ದಕ್ಕಿಂತ ಒಂದು ಕಡಿಮೆ ಬರಲಿ, ಮೇಲಿನವರು ಬೆಲ್ ಕರ್ವ್‌ಗೆ (ಇಷ್ಟು ಜನರಿಗೆ ಮಾತ್ರ ಒಳ್ಳೆ ರೇಟಿಂಗ್ ಅನ್ನೋ ಲೆಕ್ಕಕ್ಕೆ) ಸರಿಹೊಂದಿಸಿದ್ದಾರೆ ಅಂತ. ಅವಳು ವರ್ಷದ ಬಗ್ ಪಟ್ಟಿ ತಂದು ಒಂದೊಂದಾಗಿ ವಾದ ಮಾಡಲಿ. ಅವನಿಗೆ ಉತ್ತರ ಇಲ್ಲ. ಅವಳ ಪರ ಮೇಲಿನವರ ಹತ್ರ ಜಗಳ ಆಡಿದ್ರೆ, ತನ್ನ ಮನಸ್ಸಲ್ಲಿರೋದಕ್ಕೆ ಆಡಿದೆನಾ, ನ್ಯಾಯಕ್ಕೆ ಆಡಿದೆನಾ ಅಂತ ಅವನಿಗೇ ಗೊಂದಲ. ಈ ಗೊಂದಲ ಒಳ್ಳೆ ಕಾಮಿಡಿ, ನಂದೀಶನನ್ನ ಮನುಷ್ಯನನ್ನಾಗಿ ಮಾಡೋದೂ ಅದೇ.

19: ಪೂರ್ತಿ ತಿರುಗಿಸಿ. ತಡೆಯೋ ಅಧಿಕಾರ ಇದ್ದೂ ತಡೀಬಾರದು.

ಇಂಟರ್ವಲ್: ಸ್ಟೇಜ್ ಪ್ರಪೋಸ್ ತೆಗೀರಿ. ನಾನೂರು ಜನರೆದುರು ಇಲ್ಲ ಅನ್ನೋಕೆ ಯಾರಿಗೂ ಆಗಲ್ಲ. ಬದಲಿಗೆ ಚಿತ್ರಾ ಪೇಪರ್ ಹಾಕ್ತಾಳೆ. 65ನೇ ನಿಮಿಷಕ್ಕೆ ಅವನ ಮೇಲ್‌ಬಾಕ್ಸಲ್ಲಿ ರಾಜೀನಾಮೆ, ಸ್ಕ್ರೀನ್ ಮೇಲೆ "ನೋಟಿಸ್ ಪೀರಿಯಡ್: 90 ದಿನ". ಅಲ್ಲಿಗೆ ಸೆಕೆಂಡ್ ಹಾಫ್‌ಗೆ ಗಡಿಯಾರ ಸಿಕ್ತು. 2002ರ "ಟೂ ವೀಕ್ಸ್ ನೋಟಿಸ್" ಎರಡು ವಾರದ ನೋಟಿಸನ್ನೇ ಹೆಸರಾಗಿ ಇಟ್ಕೊಂಡ ಸಿನಿಮಾ. ನಮ್ಮ ಐಟಿ ಕಂಪನಿಗಳ 60, 90 ದಿನ ಕಥೆಗೆ ಇನ್ನೂ ಅನುಕೂಲ, ಯಾಕಂದ್ರೆ ಹೋಗ್ತೀನಿ ಅಂದವಳು ಮೂರು ತಿಂಗಳು ಎದುರಿಗೇ ಕೂತಿರ್ತಾಳೆ. ಹೊಸ ಕಂಪನಿಗೆ ಅವಳು 30 ದಿನದಲ್ಲಿ ಬೇಕು ಅಂತ ಇಡಿ. ಬೇಗ ಬಿಡುಗಡೆ ಮಾಡೋ ಸಹಿ ನಂದೀಶನದ್ದು. ಸಹಿ ಹಾಕಿದ್ರೆ 60 ದಿನ ಮುಂಚೆ ಅವಳು ಹೋಗ್ತಾಳೆ, ಹಾಕದಿದ್ರೆ ಅವಳ ಹೊಸ ಕೆಲಸ ಕೈತಪ್ಪುತ್ತೆ. ಅವನು ಸಹಿ ಹಾಕೋದು 100ನೇ ನಿಮಿಷದ ಹತ್ತಿರ. ಅದೇ ಅವನ ಪ್ರಪೋಸಲ್, ಬೇರೆ ಬೇಡ.

ಅಳತೆ: 130 ನಿಮಿಷಕ್ಕೆ 60ರಿಂದ 65 ಸೀನ್ ಸಾಕು. ಹಾಡುಗಳಿಗೆ 14 ನಿಮಿಷ ಬಿಡಿ. ಸೆಕೆಂಡ್ ಹಾಫ್ ಲ್ಯಾಗ್ ಆಗೋದು ದಿನಗಳನ್ನ ಸಮವಾಗಿ ಹಂಚಿದಾಗ. ನೋಟಿಸ್‌ನ ಮೊದಲ ಮೂರು ವಾರ 15 ನಿಮಿಷದಲ್ಲಿ ಓಡಿಸಿ, ಕೊನೆಯ 3 ದಿನಕ್ಕೆ 20 ನಿಮಿಷ ಕೊಡಿ.

ಸಮಿತಿ_ಸದಸ್ಯೆ:

ಎಚ್‌ಆರ್ ವಿಚಾರಣೆ ಟ್ರ್ಯಾಕ್ ಈಗಿರೋ ಹಾಗೆ ನಿಲ್ಲಲ್ಲ. ಕಾನೂನಿಗೂ ವಿರುದ್ಧ, ನೋಡೋವರ ಮನಸ್ಸಿಗೂ ವಿರುದ್ಧ.

ಮೊದಲು ಎರಡು ವಿಷಯ ಬೇರೆ ಮಾಡಿ. ಇಬ್ಬರು ವಯಸ್ಕರು ಒಪ್ಪಿ ಪ್ರೀತಿಸೋದು ಅಪರಾಧ ಅಲ್ಲ. ಕಿರುಕುಳ ಅಪರಾಧ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ, ಆಫೀಸಿನವರು ಪಾಶ್ ಅನ್ನೋದು, ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿನಿಂದ ಬೆಳೆದು ಬಂದದ್ದು. 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಹುದ್ದೆಯ ಮಹಿಳೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಒಬ್ಬರು ಕಂಪನಿಗೆ ಹೊರಗಿನವರು. ಅಂದ್ರೆ ನಿಮ್ಮ ಎಚ್‌ಆರ್ ಮ್ಯಾನೇಜರ್ ಒಬ್ಬನೇ ಕೂತು ಇಬ್ಬರನ್ನೂ ಎದುರುಬದುರು ಕೂರಿಸಿ ಪ್ರಶ್ನೆ ಕೇಳೋ ಹಾಗೇ ಇಲ್ಲ. ದೂರು ಘಟನೆ ಆದ 3 ತಿಂಗಳೊಳಗೆ ಲಿಖಿತವಾಗಿ. ವಿಚಾರಣೆ 90 ದಿನದೊಳಗೆ ಮುಗೀಬೇಕು. ನಡುವೆ ದೂರುದಾರಳು ಕೇಳಿದ್ರೆ ಅವಳನ್ನೋ ಎದುರಿನವನನ್ನೋ ಬೇರೆ ಕಡೆ ಹಾಕಬಹುದು, ಅವಳಿಗೆ 3 ತಿಂಗಳವರೆಗೆ ರಜೆ ಕೊಡಬಹುದು. ಹೆಸರು ಹೊರಗೆ ಬಿಡೋ ಹಾಗಿಲ್ಲ.

ನಿಮ್ಮ ಹಳೆ ಸೀನ್ 14 ಈ ಕಾಯ್ದೆಯ ಮಾತಲ್ಲೇ ಸಿಕ್ಕಿಬೀಳುತ್ತೆ: ಲೈಂಗಿಕ ಸ್ವರೂಪದ ನಡವಳಿಕೆಗೆ ಕೆಲಸದಲ್ಲಿ ವಿಶೇಷ ಅನುಕೂಲದ ಆಸೆಯೋ ಕೆಡುಕಿನ ಬೆದರಿಕೆಯೋ ಅಂಟಿಕೊಂಡ್ರೆ, ಅದು ಬಾಯಿಬಿಟ್ಟು ಹೇಳಿದ್ದಾಗಲಿ ಸೂಚನೆಯಾಗಿದ್ದಾಗಲಿ, ಕಿರುಕುಳ ಆಗಬಹುದು. ರೇಟಿಂಗ್ ಕೊಟ್ಟ ಉಸಿರಲ್ಲೇ ಕಾಫಿ ಅಂದ್ರೆ ಅದು ಸೂಚನೆ ಅಂತ ಯಾರಾದ್ರೂ ಓದ್ತಾರೆ. ಓದಿದವರಿಗೆ ಸರಿಬರದೆ ಇದ್ದದ್ದು ಅದಕ್ಕೇ.

ದಯವಿಟ್ಟು ಸಮಿತಿಯ ವಿಚಾರಣೆಯನ್ನ ಕಾಮಿಡಿ ಮಾಡಬೇಡಿ. ಆ ಕೋಣೆಗೆ ಹೋಗೋಕೆ ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಧೈರ್ಯ ಕೂಡಿಸ್ಕೊಳ್ತಾರೆ. ನಗು ಬೇಕಿದ್ರೆ ಬೇರೊಂದು ಕಾಗದ ಇದೆ: ಹಿತಾಸಕ್ತಿ ಸಂಘರ್ಷದ ಘೋಷಣೆ, ಕಾನ್ಫ್ಲಿಕ್ಟ್ ಆಫ್ ಇಂಟರೆಸ್ಟ್ ಫಾರ್ಮ್. ಮ್ಯಾನೇಜರ್ ಮತ್ತು ಕೈಕೆಳಗಿನವರ ನಡುವೆ ಸಂಬಂಧ ಇದ್ರೆ ತಿಳಿಸಬೇಕು ಅಂತ ಬಹಳ ಕಂಪನಿಗಳ ನೀತಿಯಲ್ಲಿ ಇರುತ್ತೆ; ತಿಳಿಸಿದ ಮೇಲೆ ರಿಪೋರ್ಟಿಂಗ್ ಬದಲಾಗುತ್ತೆ. ಈ ಫಾರ್ಮ್ ಅನ್ನ ಇಬ್ಬರೂ ಬೇರೆ ಬೇರೆ ತುಂಬ್ತಾರೆ ಅಂತ ಇಡಿ, ಅದೂ ಒಬ್ಬರಿಗೊಬ್ಬರು ಇನ್ನೂ ಏನೂ ಹೇಳ್ಕೊಳ್ಳದೆ ಇರೋವಾಗ. "ಸಂಬಂಧದ ಸ್ವರೂಪ" ಅನ್ನೋ ಕಾಲಂನಲ್ಲಿ ಆಯ್ಕೆಗಳು: ಗಂಡ/ಹೆಂಡತಿ, ರಕ್ತಸಂಬಂಧಿ, ವ್ಯಾಪಾರ ಪಾಲುದಾರ, ಇತರೆ. "ಯಾವಾಗಿನಿಂದ" ಅನ್ನೋ ಕಾಲಂನಲ್ಲಿ ಅವನು ಹೋದ ವಾರದ ತಾರೀಕು ಹಾಕ್ತಾನೆ. ಅವಳು ಎಂಟು ತಿಂಗಳ ಹಿಂದಿನ ರಿಲೀಸ್ ರಾತ್ರಿಯ ತಾರೀಕು ಹಾಕಿರ್ತಾಳೆ. ಎಚ್‌ಆರ್‌ನವರು ಎರಡನ್ನೂ ಇಟ್ಕೊಂಡು, ತಾರೀಕು ಹೊಂದ್ತಿಲ್ಲ, ತಿದ್ದಿ ಕಳಿಸಿ ಅಂತ ಇಬ್ಬರಿಗೂ ಒಂದೇ ಮೇಲ್ ಹಾಕಲಿ. ಯಾರ ಮರ್ಯಾದೆಯೂ ಹೋಗಲ್ಲ, ಇಬ್ಬರ ಮನಸ್ಸೂ ಬಯಲಾಗುತ್ತೆ.

ಕಾಲದ ಲೆಕ್ಕವೂ ನೋಡ್ಕೊಳ್ಳಿ. ಪೇಪರ್ ಹಾಕಿದ ಮೇಲೂ ರಿಲೀವ್ ಆಗೋವರೆಗೆ ಅವಳು ಉದ್ಯೋಗಿಯೇ, ಅವನು ಮ್ಯಾನೇಜರೇ. ಕೊನೆ ಸಂಬಳ, ರಿಲೀವಿಂಗ್ ಲೆಟರ್, ಕೆಟಿ (ತನ್ನ ಕೆಲಸ ಬೇರೆಯವರಿಗೆ ಹೇಳಿಕೊಡೋದು) ಮುಗಿದಿದೆ ಅನ್ನೋ ಸಹಿ, ಎಲ್ಲ ಅವನ ಕೈಯಲ್ಲಿ. ಹಾಗಾಗಿ ಪ್ರೀತಿಯ ಮಾತು ಕೊನೇ ದಿನದ ಆಚೆಗೆ ಹೋಗಲಿ, ಇಲ್ಲವೇ ಘೋಷಣೆ ಮಾಡಿ ರಿಪೋರ್ಟಿಂಗ್ ಬದಲಾದ ಮೇಲೆ ಬರಲಿ. ಕೆಟಿ ಮಧ್ಯೆ ಬಂದ್ರೆ ಮತ್ತೆ ಹಳೇ ತೊಂದರೆಗೇ ಬಂದು ನಿಲ್ತೀರಿ.

ಮಾತಿನಮಲ್ಲಿ:

ಡೈಲಾಗ್ ಬಗ್ಗೆ ಹೇಳ್ತೀನಿ. ಇಂಗ್ಲಿಷ್‌ನಲ್ಲಿ ಇರೋದು ಒಂದೇ "ಯೂ". ನಮಗೆ ನೀನು ಇದೆ, ನೀವು ಇದೆ. ಬಾಸ್–ಎಂಪ್ಲಾಯಿ ಕಥೆಗೆ ಕನ್ನಡದಷ್ಟು ಅನುಕೂಲದ ಭಾಷೆ ಅಪರೂಪ, ನೀವು ಅದನ್ನ ಬಳಸ್ಕೊಂಡೇ ಇಲ್ಲ. ಡ್ರಾಫ್ಟಲ್ಲಿ ನಂದೀಶ ಎರಡನೇ ಸೀನ್‌ನಿಂದಲೇ ಚಿತ್ರಾಗೆ "ನೀನು" ಅಂತಾನೆ ಅಂತಿಟ್ಕೊಳ್ಳಿ, ಅವಳು ಅವನಿಗೆ "ನೀವು". ಅಲ್ಲಿಗೆ ಅವನ ಸಲಿಗೆಯೆಲ್ಲ ದರ್ಪ ಆಗಿ ಕೇಳುತ್ತೆ, ಮುಂದೆ ಎಷ್ಟು ಸಿಹಿ ಮಾತಾಡಿಸಿದ್ರೂ ಹೋಗಲ್ಲ.

ಐಟಿ ಆಫೀಸಲ್ಲಿ ಸಾರ್, ಮೇಡಂ ಕಡಿಮೆ. ಹೆಸರು ಹಿಡಿದೇ ಕರೀತಾರೆ. ಆದ್ರೆ ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತೆ: "ನಂದೀಶ್, ನೋಡಿ" ಬೇರೆ, "ನಂದೀಶ್, ನೋಡು" ಬೇರೆ. ಸಾರ್, ಮೇಡಂ ಅನ್ನೋದನ್ನ ಸೆಕ್ಯುರಿಟಿಯವರಿಗೆ, ಕ್ಯಾಬ್ ಡ್ರೈವರ್‌ಗೆ ಬಿಡಿ. ಹೌಸ್‌ಕೀಪಿಂಗ್ ಅಕ್ಕ ಇಬ್ಬರನ್ನೂ ಬೇರೆ ಥರ ಕರೀಲಿ: ಅವನಿಗೆ "ಸಾರ್", ಅವಳಿಗೆ "ಏನಮ್ಮಾ". ಆಫೀಸಿನ ಮೆಟ್ಟಿಲು ಒಂದೇ ಸೀನ್‌ನಲ್ಲಿ ಕಿವಿಗೆ ಬೀಳುತ್ತೆ.

ಚಿತ್ರಾ ಧಾರವಾಡದವಳು ಅಂದಿದ್ದೀರಿ, ಆದ್ರೆ ಅವಳ ಬಾಯಲ್ಲಿ ಧಾರವಾಡ ಇಲ್ಲದಿದ್ರೆ ಊರು ಹೇಳಿ ಏನು ಉಪಯೋಗ? ಆ ಕಡೆಯ ಮಾತಲ್ಲಿ "ರಿ" ಎಲ್ಲ ಕಡೆ ಅಂಟಿರುತ್ತೆ: ಹೌದ್ರಿ, ಆತ್ರಿ, ಯಾಕ್ರಿ. ಒಂದು ಗಂಟೆ ಕೇಳಿ ಕೇಳಿ ಪ್ರೇಕ್ಷಕರ ಕಿವಿಗೆ ಅದು ಅಭ್ಯಾಸ ಆಗಿರುತ್ತೆ. ಆಗ ಅದನ್ನ ಒಂದು ಸಲ ಉದುರಿಸಿ.

ರಿಲೀಸ್ ರಾತ್ರಿ:
"ನಂದೀಶ್, ಬಿಲ್ಡ್ ಒಡದೈತ್ರಿ. ನಿಮ್ಮ ಕೋಡೇ ಐತ್ರಿ."

ಕೊನೇ ದಿನಕ್ಕೆ ಎರಡು ದಿನ ಇರೋವಾಗ, ಅದೇ ಮೇಜು:
"ಬಿಲ್ಡ್ ಒಡದೈತಿ, ನೋಡು."

ಅವಳಿಗೆ ತಾನೇನಂದೆ ಅಂತ ಗೊತ್ತಾಗಬಾರದು. ಅವನು ಕೀಬೋರ್ಡ್ ಮೇಲಿಂದ ಕೈ ತೆಗೆದು ಒಂದು ಕ್ಷಣ ಸುಮ್ಮನಾಗಬೇಕು, ಆಮೇಲೆ "ಎಲ್ಲಿ?" ಅಂತ ಕೇಳಬೇಕು. ಅಷ್ಟೇ. ಕೊನೇ ಸೀನ್ ಬಿಟ್ರೆ ಇದು ಸಿನಿಮಾದಲ್ಲಿ ಒಂದೇ ಸಲ ಬರಬೇಕು. ಎರಡನೇ ಸಲ ಬಂದ್ರೆ ಸವೆದ ನಾಣ್ಯ. ಅವನು ಮಾತ್ರ ಕೊನೇ ಸೀನ್‌ವರೆಗೂ "ನೀವು" ಬಿಡಬಾರದು. ಏಕವಚನಕ್ಕೆ ಇಳಿಯೋ ಹಕ್ಕು ಮೊದಲು ಕೆಳಗಿರೋರದ್ದು.

ಕ್ಯಾಬ್ ಸೀನ್ ಇದ್ರೆ ಇನ್ನೊಂದು. ರಾತ್ರಿ ಪಾಳಿಯ ಕಂಪನಿ ಕ್ಯಾಬಲ್ಲಿ ಕೊನೇ ಡ್ರಾಪ್ ಹೆಂಗಸಾದ್ರೆ ಮುಂದಿನ ಸೀಟಲ್ಲಿ ಗಾರ್ಡ್ ಕೂರೋ ರೂಢಿ ಇದೆ. ಹಾಗಾಗಿ ಕ್ಯಾಬಲ್ಲಿ ಇಬ್ಬರೇ ಇರೋ ಸೀನ್ ಸುಳ್ಳಾಗುತ್ತೆ. ಗಾರ್ಡ್ ಇರಲಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಹಿಂದಿನವರಿಬ್ಬರೂ ಆಡದ ಮಾತನ್ನೆಲ್ಲ ಕೇಳಿಸ್ಕೊಂಡವನ ಹಾಗೆ ಅವನು ರೇಡಿಯೋ ಸ್ವಲ್ಪ ಜೋರು ಮಾಡಲಿ.

ಕ್ಯಾಮೆರಾ_172:

ನಿಜವಾದ ಆಫೀಸ್ ಅಂದ್ರೆ ಶನಿವಾರ, ಭಾನುವಾರ ಕೋ-ವರ್ಕಿಂಗ್ ಜಾಗ ಬಾಡಿಗೆಗೆ ಹಿಡೀರಿ. ಕಾಡೋದು ಮೂರು: ಲೈಟು, ಗಾಜು, ಏಸಿ.

ಲೈಟು: ನಮ್ಮ ಕರೆಂಟ್ 50 ಹರ್ಟ್ಜ್, ಆಫೀಸ್ ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತೆ. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಶಟರ್ (ಪ್ರತಿ ಫ್ರೇಮ್‌ಗೆ ಎಷ್ಟು ಹೊತ್ತು ಬೆಳಕು ಬೀಳಬೇಕು ಅನ್ನೋ ಅಳತೆ) 180 ಡಿಗ್ರಿ ಇಟ್ರೆ ಚಿತ್ರದಲ್ಲಿ ಬೆಳಕು ಉಸಿರಾಡಿದ ಹಾಗೆ ಏರಿಳಿಯಬಹುದು. 172.8 ಡಿಗ್ರಿ ಇಡಿ, ಅಂದ್ರೆ 1/50 ಸೆಕೆಂಡ್. 25 ಫ್ರೇಮ್ ಆದ್ರೆ 180 ಸರಿ. ಡಿಮ್ಮರ್ ಇರೋ ಎಲ್‌ಇಡಿ ಪ್ಯಾನಲ್‌ಗಳು ಈ ಲೆಕ್ಕಕ್ಕೂ ಬಗ್ಗಲ್ಲ. ಲೊಕೇಶನ್ ನೋಡೋಕೆ ಹೋದಾಗಲೇ ಕ್ಯಾಮೆರಾ ಒಯ್ದು ಎರಡು ನಿಮಿಷ ರೆಕಾರ್ಡ್ ಮಾಡಿ, ದೊಡ್ಡ ಮಾನಿಟರಲ್ಲಿ ನೋಡಿ. ಸ್ಲೋ ಮೋಷನ್ ಬೇಕಿದ್ರೆ ಆಫೀಸ್ ಲೈಟ್ ಆರಿಸಿ ನಿಮ್ಮದೇ ಲೈಟ್ ಹಾಕಿ.

ಗಾಜು: ಮೀಟಿಂಗ್ ರೂಮಿನ ಗಾಜಿಗೆ ನೇರ ಎದುರು ನಿಂತ್ರೆ ಪೋಲರೈಸರ್ (ಪ್ರತಿಬಿಂಬ ತಗ್ಗಿಸೋ ಫಿಲ್ಟರ್) ಪ್ರಯೋಜನಕ್ಕೆ ಬರಲ್ಲ, ಓರೆಯಲ್ಲಿ ನಿಂತ್ರೆ ಪ್ರತಿಬಿಂಬ ಕಡಿಮೆ ಆಗುತ್ತೆ. ಯೂನಿಟ್‌ನವರಿಗೆ ಕಪ್ಪು ಬಟ್ಟೆ. ಅಪ್ರೈಸಲ್ ಸೀನನ್ನ ಗಾಜಿನ ಹೊರಗಿಂದ, ಮಾತು ಕೇಳದ ಹಾಗೆ ಶುರು ಮಾಡಿದ್ರೆ ಅದೇ ಗಾಜು ಉಪಯೋಗಕ್ಕೆ ಬರುತ್ತೆ.

ಏಸಿ: ಸೆಂಟ್ರಲ್ ಏಸಿಯ ಗುಂಯ್ ಸದ್ದು ಡೈಲಾಗ್ ತಿನ್ನುತ್ತೆ. ಕಟ್ಟಡದವರ ಹತ್ರ ಟೇಕ್ ಹೊತ್ತಲ್ಲಿ ಆರಿಸೋ ಒಪ್ಪಂದ ಮೊದಲೇ ಬರೆಸ್ಕೊಳ್ಳಿ. ಪ್ರತಿ ಕೋಣೆಯಲ್ಲೂ ಯಾರೂ ಮಾತಾಡದೆ 1 ನಿಮಿಷ ರೂಮ್ ಟೋನ್, ಅಂದ್ರೆ ಕೋಣೆಯ ಸಹಜ ಸದ್ದು, ರೆಕಾರ್ಡ್ ಮಾಡ್ಕೊಳ್ಳಿ. ಮಾತಿನಮಲ್ಲಿ ಹೇಳಿದ "ನೋಡು" ಆದ ಮೇಲಿನ ಮೌನಕ್ಕೆ ಅದೇ ಬೇಕಾಗೋದು. ಪೂರ್ತಿ ಸದ್ದಿಲ್ಲದ ಮೌನ ಹಾಕಿದ್ರೆ ಸ್ಪೀಕರ್ ಕೆಟ್ಟ ಹಾಗಿರುತ್ತೆ.

ವೈಟ್‌ಬೋರ್ಡ್ ಫೋಟೋ ತೆಗೆದಿಟ್ಕೊಳ್ಳಿ, ಸೋಮವಾರ ಯಾರೋ ಅಳಿಸಿರ್ತಾರೆ.

ಮೊದಲ_ಡ್ರಾಫ್ಟ್:

ಎಲ್ಲರಿಗೂ ಧನ್ಯವಾದ. ಸೈನ್-ಆಫ್ ವಿಷಯ ಹೊಳೆದೇ ಇರಲಿಲ್ಲ. ಒಂದು ಕೊನೇ ಪ್ರಶ್ನೆ: ಪಾತ್ರ ಅದಲು ಬದಲು ಮಾಡಿ, ಚಿತ್ರಾನೇ ಬಾಸ್ ಆದ್ರೆ ಈ ತೊಂದರೆ ಎಲ್ಲ ಹೋಗುತ್ತಾ?

ಒನ್‌ಲೈನ್_ಗಾಂಧಿನಗರ:

ಹೋಗಲ್ಲ, ಬೇರೆ ಹಳ್ಳಕ್ಕೆ ಬೀಳ್ತೀರಿ. ಆ ದಾರಿಯಲ್ಲಿ ಕನ್ನಡದಲ್ಲೇ 1986ರ "ಅನುರಾಗ ಅರಳಿತು" ಇದೆ. ಗರ್ವದ ಯಜಮಾನಿ ಮಾಧವಿ, ಬಗ್ಗದ ಕೆಲಸಗಾರ ರಾಜ್‌ಕುಮಾರ್. ಅದೇ ಕಥೆ 1992ರಲ್ಲಿ ತಮಿಳಿಗೂ ತೆಲುಗಿಗೂ, 1994ರಲ್ಲಿ ಹಿಂದಿಗೂ ಹೋಯ್ತು, ಅಷ್ಟು ಗಟ್ಟಿ ಕಥೆ. ಆದ್ರೆ ಅದರ ಬೆನ್ನೆಲುಬು ಯಜಮಾನಿಯ ಗರ್ವ ಇಳಿಯೋದು. ಇವತ್ತು ಅದನ್ನೇ ಇಟ್ರೆ, ಹೆಣ್ಣು ಮೇಲೆ ಕೂತದ್ದೇ ತಪ್ಪು ಅಂತ ಓದಿಸುತ್ತೆ. ಚಿತ್ರಾ ಬಾಸ್ ಆದ್ರೂ ಅದೇ ಗೆರೆ: ಅವನು ಬೇಡ ಅಂದ್ರೆ ಅವನಿಗೇನಾಗುತ್ತೆ? ಮೇಲಾಗಿ ಸೈನ್-ಆಫ್ ಸೀನ್ ಕೈಬಿಟ್ಟುಹೋಗುತ್ತೆ. ಬದಲಾಯಿಸ್ಬೇಡಿ.

ಸಮಿತಿ_ಸದಸ್ಯೆ:

ಬದಲಾಯಿಸೋದಾದ್ರೆ ಇಷ್ಟು ಗಮನದಲ್ಲಿರಲಿ: 2013ರ ಕಾಯ್ದೆಯಡಿ ದೂರು ಕೊಡೋಕೆ ಬರೋದು ಮಹಿಳೆಗೆ ಮಾತ್ರ. ಗಂಡಸಿನ ದೂರು ಕಂಪನಿಯ ಸ್ವಂತ ನೀತಿಯಡಿ ನಡೆಯುತ್ತೆ, ಆ ನೀತಿ ಕಂಪನಿಯಿಂದ ಕಂಪನಿಗೆ ಬೇರೆ.

ಮಾತಿನಮಲ್ಲಿ:

ಕೊನೇ ಸೀನ್‌ಗೆ ಒಂದು ಜಾಗ ಹೇಳ್ತೀನಿ: ಗ್ರೌಂಡ್ ಫ್ಲೋರಿನ ಟರ್ನ್‌ಸ್ಟೈಲ್, ಕಾರ್ಡ್ ಒತ್ತಿದ್ರೆ ಒಬ್ಬೊಬ್ಬರನ್ನೇ ಬಿಡೋ ಗೇಟ್. ಕೊನೇ ದಿನ ಸಂಜೆ ಅವಳು ಐಡಿ ಕಾರ್ಡ್ ಒಪ್ಪಿಸಿದ ಮೇಲೆ ಗೇಟ್ ತೆರೆಯೋಕೆ ಅವಳ ಹತ್ರ ಏನೂ ಇಲ್ಲ. ಸೆಕ್ಯುರಿಟಿಯವರು ತಮ್ಮ ಕಾರ್ಡ್ ಒತ್ತಿ ಹೊರಗೆ ಬಿಡ್ತಾರೆ. ಅವಳು ಈಗ ಆಚೆ, ಅವನು ಈಚೆ. ಇನ್ನು ಅವನು ಅವಳಿಗೆ ಏನೂ ಅಲ್ಲ, ಬೇಡ ಅಂದ್ರೆ ಅವಳಿಗೆ ಏನೂ ಆಗಲ್ಲ. ಕೇಳೋದಿದ್ರೆ ಅವನು ಅಲ್ಲಿ ಕೇಳಲಿ, "ನೀವು" ಅಂತಲೇ: "ಕಾಫಿ ಕುಡೀತೀರಾ?" ಅವಳ ಉತ್ತರ "ಕುಡಿಯೋಣ, ಬಾ." ಅವನು ಅವಸರದಲ್ಲಿ ಕಾರ್ಡ್ ಎರಡು ಸಲ ಒತ್ತಿ ಗೇಟ್ ಲಾಕ್ ಮಾಡ್ಕೊಳ್ಳಲಿ, ಸೆಕ್ಯುರಿಟಿಯವರು ಮತ್ತೆ ಎದ್ದು ಬರಲಿ. ಇದನ್ನ ಕ್ಲೋಸಪ್‌ನಲ್ಲಿ ಒಡೆಯಬೇಡಿ. ಮೂವರೂ ಗೇಟೂ ಒಂದೇ ಫ್ರೇಮಲ್ಲಿ ಇರೋ ಹಾಗೆ ದೂರದಿಂದ ಹಿಡೀರಿ.